ಮೊದಲು ಕಾಲು, ಆಮೇಲೆ ಕ್ಯಾಮೆರಾ: ಹೆಸರಾಂತ ಹಳೆಯ ಶೂ ಬ್ರ್ಯಾಂಡಿಗೆ ಬೀದಿ ಪ್ರಚಾರ ರೂಪಿಸುವ ಬಗೆ

ದಶಕಗಳಿಂದ ಹೆಚ್ಚುಕಡಿಮೆ ಒಂದೇ ಆಕಾರದಲ್ಲಿ ಮಾರಾಟವಾಗುತ್ತಿರುವ ಶೂವೊಂದನ್ನು ಬೀದಿಗೆ ತರುವವರಿಗೆ ಒಂದು ಅನುಕೂಲವಿದೆ, ಒಂದು ತೊಡಕೂ ಇದೆ. ಆ ಶೂ ಏನೆಂದು ಯಾರಿಗೂ ವಿವರಿಸಬೇಕಾಗಿಲ್ಲ ಎನ್ನುವುದು ಅನುಕೂಲ. ಎಲ್ಲರಿಗೂ ಗೊತ್ತಿರುವುದರಿಂದಲೇ ಅದರ ಮುಂದೆ ಯಾರೂ ನಿಲ್ಲುವುದಿಲ್ಲ ಎನ್ನುವುದು ತೊಡಕು. ಬಹಳಷ್ಟು ಪ್ರಚಾರಗಳು ಈ ತೊಡಕನ್ನು ದೊಡ್ಡ ಫಲಕ, ದೊಡ್ಡ ಸದ್ದು, ದೊಡ್ಡ ಪರದೆಗಳಿಂದ ನಿವಾರಿಸಲು ಹೋಗಿ ಸೋಲುತ್ತವೆ. ಹಳೆಯ ಶೂವಿನ ಬಗ್ಗೆ ಜನರಿಗೆ ಹೇಳುವುದು ಹೆಚ್ಚೇನೂ ಉಳಿದಿರುವುದಿಲ್ಲ. ಜನರಿಂದ ಕೇಳಿಸಿಕೊಳ್ಳುವುದು ಮಾತ್ರ ಬಹಳ ಇರುತ್ತದೆ. ಅದನ್ನು ಒಮ್ಮೆ ಧರಿಸಿದವರೆಲ್ಲರ ಬಳಿಯೂ ಒಂದು ನೆನಪು ಇದ್ದೇ ಇರುತ್ತದೆ. ಆ ನೆನಪನ್ನು ಕಾಲಿನ ಮೂಲಕ ಹೊರತರುವ ಪ್ರಚಾರವನ್ನು ಹಂತಹಂತವಾಗಿ ಹೇಗೆ ಕಟ್ಟಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಇದು ಹೊಸ ವಿಚಾರವೇನೂ ಅಲ್ಲ. ಕಾನ್ವರ್ಸ್ ಕಂಪನಿ 1917ರಲ್ಲಿ ಆಲ್ ಸ್ಟಾರ್ ಎಂಬ ಬ್ಯಾಸ್ಕೆಟ್‌ಬಾಲ್ ಶೂವನ್ನು ಮಾರುಕಟ್ಟೆಗೆ ತಂದಿತು. 1920ರ ದಶಕದಲ್ಲಿ ಆ ಕಂಪನಿ ಸೇರಿದ ಚಕ್ ಟೇಲರ್ ಎಂಬ ಆಟಗಾರ ಊರಿಂದೂರಿಗೆ ಸಂಚರಿಸಿ, ಶಾಲೆ ಕಾಲೇಜುಗಳ ಅಂಗಣಗಳಲ್ಲಿ ಹುಡುಗರಿಗೆ ಆಟ ಹೇಳಿಕೊಡುತ್ತಿದ್ದರು; ಶೂಗಳ ಮಾರಾಟ ಆ ಪಾಠದ ಬೆನ್ನಿಗೇ ನಡೆಯುತ್ತಿತ್ತು. ಮುಂದೆ ಅವರ ಸಹಿ ಶೂವಿನ ಹರಡಿನ ಬಳಿಯ ಬಿಲ್ಲೆಯ ಮೇಲೇ ಬಂದಿತು. 1966ರಲ್ಲಿ ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಶುರುವಾದ ವ್ಯಾನ್ಸ್ ಕಂಪನಿಯೂ ಆರಂಭದ ವರ್ಷಗಳಲ್ಲಿ ಗ್ರಾಹಕರು ತಂದುಕೊಟ್ಟ ಬಟ್ಟೆಯಿಂದಲೇ ಶೂ ಹೊಲಿದುಕೊಡುತ್ತಿತ್ತು. ಇಂದು ನಾವು ಪಾಲ್ಗೊಳ್ಳುವಿಕೆಯ ಪ್ರಚಾರ ಎಂದು ಕರೆಯುವುದನ್ನು ಈ ಶೂಗಳು ಆ ಹೆಸರು ಹುಟ್ಟುವ ಮೊದಲೇ ಮಾಡಿದ್ದವು. ನಿಮ್ಮ ಬ್ರ್ಯಾಂಡಿನ ಹಳೆಯ ಕಡತಗಳಲ್ಲೂ ಇಂಥದ್ದೊಂದು ಸಂಗತಿ ಇರಬಹುದು. ಜಾಹೀರಾತು ಏಜೆನ್ಸಿಯನ್ನು ಕರೆಯುವ ಮೊದಲು ಆ ಕಡತಗಳನ್ನು ಓದಿ.

ಮೊದಲ ಹೆಜ್ಜೆ: ಶೂವಿನದೇ ಆದ ಒಂದು ಕೆಲಸವನ್ನು ಹುಡುಕಿ

ಒಂದು ಹಾಳೆಯಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಈ ಶೂವನ್ನು ಯಾವುದರಿಂದ ಮಾಡಿದ್ದಾರೆ? ಇದನ್ನು ಹಾಕಿಕೊಂಡ ಕಾಲು ಏನು ಮಾಡುತ್ತದೆ? ಯಾರೂ ಹೇಳಿಕೊಡದಿದ್ದರೂ ಜನ ಇದಕ್ಕೆ ಏನು ಮಾಡುತ್ತಾರೆ? ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕ್ಯಾನ್ವಾಸ್ ಶೂಗಳ ಮೇಲೆ ಹುಡುಗ ಹುಡುಗಿಯರು ಪೆನ್ನಿನಿಂದ ಗೀಚುತ್ತಾರೆ, ಲೇಸುಗಳನ್ನು ಬಗೆಬಗೆಯಾಗಿ ಕಟ್ಟುತ್ತಾರೆ, ಹರಿದ ಮೇಲೂ ಎಸೆಯದೆ ಇಟ್ಟುಕೊಳ್ಳುತ್ತಾರೆ. ಕಾನ್ವರ್ಸ್ 2015ರಲ್ಲಿ ನಡೆಸಿದ ಪ್ರಚಾರದಲ್ಲಿ ಜನರು ಸವೆಸಿದ, ಗೀಚಿದ, ಬಣ್ಣ ಬಳಿದ ಜೋಡಿಗಳನ್ನೇ ಭಾವಚಿತ್ರಗಳಂತೆ ತೆಗೆದು ಪ್ರದರ್ಶಿಸಿತ್ತು. ಹೊಸ ಜೋಡಿಗೆ ಇಲ್ಲದ ಮಾತು ಹಳೆಯ ಜೋಡಿಗೆ ಇದೆ ಎಂಬುದನ್ನು ಆ ಪ್ರಚಾರ ಸರಿಯಾಗಿ ಗುರುತಿಸಿತ್ತು.

ಉತ್ತರಗಳಿಂದ ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳಿ. ಅದನ್ನು ಪರೀಕ್ಷಿಸಲು ನಾನು ಬಳಸುವ ಒರೆಗಲ್ಲು ಸರಳವಾಗಿದೆ: ಇದೇ ಆಟವನ್ನು ಸಾಬೂನಿಗೋ ತಂಪು ಪಾನೀಯಕ್ಕೋ ಆಡಿಸಬಹುದಾದರೆ ಅದನ್ನು ಕೈಬಿಡಿ. ಚಕ್ರ ತಿರುಗಿಸಿ ಬಹುಮಾನ ಗೆಲ್ಲುವುದು, ದೊಡ್ಡ ಚೌಕಟ್ಟಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದು ಇವೆಲ್ಲ ಯಾವ ಸರಕಿಗಾದರೂ ಒಗ್ಗುತ್ತವೆ. ಹಾಗಾಗಿಯೇ ಮನೆ ತಲುಪುವಷ್ಟರಲ್ಲಿ ಜನ ಬ್ರ್ಯಾಂಡಿನ ಹೆಸರನ್ನು ಮರೆತಿರುತ್ತಾರೆ. 2009ರಲ್ಲಿ ಸ್ಟಾಕ್‌ಹೋಮ್‌ನ ಒಂದು ಮೆಟ್ರೋ ನಿಲ್ದಾಣದಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಪ್ರಚಾರಕ್ಕಾಗಿ ಮೆಟ್ಟಿಲುಗಳನ್ನು ಪಿಯಾನೋದ ಮಣೆಗಳಂತೆ ಮಾಡಿ, ಕಾಲಿಟ್ಟಾಗ ಸ್ವರ ಹೊರಡುವಂತೆ ಜೋಡಿಸಿದ್ದರು. ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತಿದವರು ಎಂದಿಗಿಂತ ಶೇಕಡಾ 66ರಷ್ಟು ಹೆಚ್ಚು ಎಂದು ಅದನ್ನು ಮಾಡಿದವರು ಹೇಳಿದರು. ಅಲ್ಲಿ ಗಮನಿಸಬೇಕಾದದ್ದು ಬೇರೆಯೇ ಇದೆ: ಯಾರಿಗೂ ಸೂಚನೆ ಓದಬೇಕಾಗಲಿಲ್ಲ, ಕಾಲಿಟ್ಟರೆ ಸಾಕು, ಆಟ ಏನೆಂದು ತಿಳಿಯುತ್ತಿತ್ತು. ಅದು ಕಾರಿನ ಕಂಪನಿಗಿಂತ ಶೂ ಕಂಪನಿಗೇ ಹೆಚ್ಚು ಒಪ್ಪುವ ಆಟವಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಎರಡನೆಯ ಹೆಜ್ಜೆ: ಆ ಕೆಲಸಕ್ಕೆ ರೂಪ ಕೊಡಿ

ಮುಂದಿನ ವಿವರಗಳು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಉದಾಹರಣೆಯನ್ನು ಹಿಡಿದುಕೊಂಡು ಹೋಗೋಣ. ನಿಮ್ಮದು ರಬ್ಬರ್ ಅಟ್ಟೆಯ ಕ್ಯಾನ್ವಾಸ್ ಶೂ ಎಂದಿಟ್ಟುಕೊಳ್ಳಿ. ಶೂವಿಗೆ ಬಳಸುವ ಅದೇ ಬಿಳಿ ಕ್ಯಾನ್ವಾಸನ್ನು ಬೀದಿಯ ಒಂದು ಬದಿಯಲ್ಲಿ 30 ಮೀಟರ್ ಉದ್ದಕ್ಕೆ ಹಾಸುತ್ತೀರಿ. ದಾರಿಹೋಕರು ತಾವು ಹಾಕಿಕೊಂಡಿರುವ ಶೂವಿನಲ್ಲೇ, ಅದು ಯಾವ ಕಂಪನಿಯದಾದರೂ ಸರಿ, ಬಣ್ಣದ ಮೆತ್ತೆಯ ಮೇಲೆ ಒಮ್ಮೆ ಕಾಲಿಟ್ಟು ಕ್ಯಾನ್ವಾಸಿನ ಮೇಲೆ ನಾಲ್ಕು ಹೆಜ್ಜೆ ನಡೆಯುತ್ತಾರೆ. ಅಟ್ಟೆಯ ಗುರುತು ಬಟ್ಟೆಯ ಮೇಲೆ ಉಳಿಯುತ್ತದೆ. ಗುರುತಿನ ಪಕ್ಕದಲ್ಲಿ ಅವರು ಒಂದು ಸಾಲು ಬರೆಯುತ್ತಾರೆ: ತಾವು ಅತಿ ದೂರ ನಡೆದ ದಿನ ಯಾವುದು, ಎಲ್ಲಿಗೆ ಹೋಗಿದ್ದು. ಪ್ರಚಾರ ಮುಗಿದ ಮೇಲೆ ಆ ಬಟ್ಟೆಯನ್ನು ಕತ್ತರಿಸಿ ಶೂಗಳನ್ನು ಹೊಲಿಯುತ್ತೀರಿ.

ಈ ಯೋಜನೆಯಲ್ಲಿ ನನಗೆ ಹಿಡಿಸುವುದು ಬೇರೆ ಕಂಪನಿಯ ಶೂ ಹಾಕಿದವರನ್ನೂ ಅದು ಹೊರಗಿಡುವುದಿಲ್ಲ ಎನ್ನುವುದು. ಪ್ರತಿಸ್ಪರ್ಧಿಯ ಅಟ್ಟೆಯ ಗುರುತು ನಿಮ್ಮ ಬಟ್ಟೆಯ ಮೇಲೆ ಬೀಳುವುದಕ್ಕೆ ಹೆದರಬೇಡಿ. ಆತ್ಮವಿಶ್ವಾಸವಿರುವ ಹಳೆಯ ಬ್ರ್ಯಾಂಡಿಗೆ ಮಾತ್ರ ಅಂಥ ಔದಾರ್ಯ ಸಾಧ್ಯ, ಮತ್ತು ಜನರಿಗೆ ಅದು ತಕ್ಷಣ ಅರ್ಥವಾಗುತ್ತದೆ. ಆದರೆ ಆ ಅಟ್ಟೆಯ ವಿನ್ಯಾಸವಾಗಲಿ ಲಾಂಛನವಾಗಲಿ ನೀವು ಮಾರುವ ಶೂವಿನ ಮೇಲೆ ಎದ್ದು ಕಾಣುವಂತೆ ಬಂದರೆ ಅದು ಕಾನೂನಿನ ತಕರಾರಾಗಬಹುದು. ಬಟ್ಟೆ ಕತ್ತರಿಸುವ ಮೊದಲು ವಕೀಲರೊಬ್ಬರು ಅದನ್ನು ನೋಡಿರಲಿ, ಇಲ್ಲವೇ ಆ ಶೂಗಳನ್ನು ಮಾರದೆ ಪಾಲ್ಗೊಂಡವರಿಗೆ ಉಡುಗೊರೆಯಾಗಿ ಕೊಡುವುದೆಂದು ಮೊದಲೇ ನಿರ್ಧರಿಸಿ, ಅದಕ್ಕೂ ವಕೀಲರ ಒಪ್ಪಿಗೆ ಪಡೆಯಿರಿ.

ಬಣ್ಣದ ಆಯ್ಕೆಯಲ್ಲೇ ಈ ಕೆಲಸದ ಅರ್ಧ ಕಷ್ಟ ಅಡಗಿದೆ. ಬಣ್ಣವು ಜನರ ಶೂವಿನಿಂದ ಮತ್ತು ಬೀದಿಯ ಕಲ್ಲಿನಿಂದ ಸುಲಭವಾಗಿ ಹೋಗಬೇಕು, ಆದರೆ ಬಟ್ಟೆಯಿಂದ ಹೋಗಬಾರದು. ಬಟ್ಟೆಗೆ ಅಚ್ಚು ಹಾಕಲು ಬಳಸುವ ನೀರಿನಾಧಾರಿತ ಬಣ್ಣಗಳು ಈ ಎರಡೂ ಗುಣಗಳಿಗೆ ಹತ್ತಿರವಾಗಿವೆ: ಒದ್ದೆಯಿರುವಾಗ ನೀರಿಗೆ ಹೋಗುತ್ತವೆ, ಒಣಗಿದ ಮೇಲೆ ಕಾಯಿಸಿದರೆ ನೂಲಿಗೆ ಕಚ್ಚಿಕೊಳ್ಳುತ್ತವೆ. ಇಂಥ ಶೂಗಳ ಅಟ್ಟೆಯನ್ನು ಬಿಸಿಯಲ್ಲಿ ವಲ್ಕನೀಕರಣ ಮಾಡಿ, ಅಂದರೆ ರಬ್ಬರನ್ನು ಕಾಯಿಸಿ ಗಟ್ಟಿಗೊಳಿಸಿ, ಕೂಡಿಸುವುದರಿಂದ ಬಟ್ಟೆಯೂ ಆ ಬಿಸಿಯನ್ನು ತಡೆದುಕೊಳ್ಳಬೇಕು; ಬಣ್ಣ ಅಲ್ಲಿ ಕಂದಬಹುದು ಅಥವಾ ಹರಡಬಹುದು. ಆದ್ದರಿಂದ ಬೀದಿಗೆ ಹೋಗುವ ಮೊದಲು ಒಂದು ಮೀಟರ್ ಬಟ್ಟೆಯ ಮೇಲೆ ಹೆಜ್ಜೆ ಮೂಡಿಸಿ, ಕಾರ್ಖಾನೆಗೆ ಕಳುಹಿಸಿ, ಅದರಿಂದ ನಿಜವಾಗಿ ಒಂದು ಜೋಡಿ ಮಾಡಿಸಿ ನೋಡಿ. ಆ ಜೋಡಿ ಕೈಗೆ ಬರುವ ತನಕ ಯಾರಿಗೂ ಯಾವ ಮಾತನ್ನೂ ಕೊಡಬೇಡಿ.

ಚರ್ಮದ ಅಟ್ಟೆಯ ಶೂ ಹಾಕಿ ಬಂದವರಿಗೆ ಒದ್ದೆ ಬಣ್ಣ ಹಾನಿ ಮಾಡುತ್ತದೆ. ಅವರ ಕಾಲಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದುಕೊಟ್ಟರೆ ಸಾಕು. ಗಾಲಿಕುರ್ಚಿಯಲ್ಲಿ ಬಂದವರ ಚಕ್ರದ ಜಾಡು, ಊರುಗೋಲಿನ ತುದಿಯ ಗುರುತು ಇವೂ ಈ ಬಟ್ಟೆಯ ಮೇಲೆ ಇರಲೇಬೇಕು. ಅದಕ್ಕಾಗಿ ಮೆತ್ತೆಯನ್ನು ನೆಲದ ಮಟ್ಟಕ್ಕೇ ಇಡಿ, ಹಾಸಿನ ಅಗಲವನ್ನು ಒಂದು ಮೀಟರಿಗಿಂತ ಕಡಿಮೆ ಮಾಡಬೇಡಿ.

ಮೂರನೆಯ ಹೆಜ್ಜೆ: ಜಾಗ, ಹೊತ್ತು, ಅನುಮತಿ

ಜನಸಂದಣಿ ಹೆಚ್ಚಿರುವ ಜಾಗವೇ ಒಳ್ಳೆಯ ಜಾಗ ಎಂದು ತಿಳಿಯಬೇಡಿ. ರೈಲು ಹಿಡಿಯಲು ಓಡುವವರು ಎಷ್ಟೇ ಇದ್ದರೂ ನಿಮಗೆ ಸಿಗುವುದಿಲ್ಲ. ಸಾಮಾನ್ಯ ವಯಸ್ಕರು ಸೆಕೆಂಡಿಗೆ ಸುಮಾರು 1.4 ಮೀಟರ್ ವೇಗದಲ್ಲಿ ನಡೆಯುತ್ತಾರೆ. ನಿಮ್ಮ ಹಾಸು 20 ಮೀಟರ್ ದೂರದಿಂದ ಕಾಣುತ್ತದೆ ಎಂದಾದರೆ, ಅದೇನು, ನಿಲ್ಲಬೇಕೇ ಬೇಡವೇ ಎಂದು ತೀರ್ಮಾನಿಸಲು ಅವರಿಗೆ ಸಿಗುವುದು ಸುಮಾರು 14 ಸೆಕೆಂಡು. ಅಷ್ಟರಲ್ಲಿ ಓದಿಸಿಕೊಳ್ಳಬಲ್ಲ ಬರಹ ಐದಾರು ಪದಗಳನ್ನು ಮೀರಬಾರದು. ಉಳಿದದ್ದನ್ನು ಬಟ್ಟೆಯ ಮೇಲೆ ನಡೆಯುತ್ತಿರುವ ಬೇರೊಬ್ಬರ ಕಾಲು ಹೇಳಬೇಕು. ಹಾಗಾಗಿ ಆರಂಭದಲ್ಲಿ ಬಟ್ಟೆ ಖಾಲಿ ಇರುವುದು ಬೇಡ, ನಿಮ್ಮ ತಂಡದವರೇ ಮೊದಲ ಎರಡು ಮೀಟರ್ ನಡೆದಿಟ್ಟಿರಲಿ.

ಆರಿಸಿಕೊಂಡ ಜಾಗಕ್ಕೆ ಒಂದು ವಾರದ ಮೊದಲು, ಪ್ರಚಾರ ನಡೆಯಲಿರುವ ವಾರದ ದಿನ ಮತ್ತು ಹೊತ್ತಿನಲ್ಲೇ ಹೋಗಿ ಒಂದು ಗಂಟೆ ನಿಂತು ನೋಡಿ. ಎಷ್ಟು ಜನ ಹಾದುಹೋದರು ಎಂಬುದಕ್ಕಿಂತ ಎಷ್ಟು ಜನ ಯಾವುದೋ ಕಾರಣಕ್ಕೆ ನಿಂತರು ಎಂಬುದನ್ನು ಎಣಿಸಿ. ಬೆಂಚುಗಳಿರುವ ಕಡೆ, ಗೆಳೆಯರಿಗಾಗಿ ಕಾಯುವ ಮೂಲೆ, ನೆರಳು ಬೀಳುವ ಗೋಡೆಯ ಬದಿ ಇವು ನಿಮ್ಮ ಜಾಗಗಳು. ಬಿಸಿಲು ಯಾವ ಕಡೆಯಿಂದ ಬರುತ್ತದೆ, ಮಳೆನೀರು ಎತ್ತ ಹರಿಯುತ್ತದೆ ಎಂಬುದನ್ನೂ ಅಲ್ಲೇ ಬರೆದುಕೊಳ್ಳಿ.

ಅನುಮತಿಯ ವಿಷಯದಲ್ಲಿ ರಾಜಿ ಬೇಡವೇ ಬೇಡ. ಬೀದಿ ಪ್ರಚಾರಕ್ಕೆ ಕದ್ದು ಮಾಡಿದರೇ ಸೊಗಸು ಎಂಬ ಒಂದು ಹುಸಿ ಸಾಹಸದ ಹೆಸರು ಅಂಟಿಕೊಂಡಿದೆ. 2001ರಲ್ಲಿ ಐಬಿಎಂ ಕಂಪನಿ ನಡೆಸಿದ, ಲಿನಕ್ಸ್ ಎಂಬ ಕಂಪ್ಯೂಟರ್ ತಂತ್ರಾಂಶದ ಪ್ರಚಾರಕ್ಕಾಗಿ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಶಿಕಾಗೋ ನಗರಗಳ ಪಾದಚಾರಿ ಮಾರ್ಗಗಳ ಮೇಲೆ ಚಿಹ್ನೆಗಳನ್ನು ಬಳಿದಾಗ, ತೊಳೆದರೆ ಹೋಗುತ್ತದೆ ಎಂದುಕೊಂಡಿದ್ದ ಬಣ್ಣ ಸುಲಭವಾಗಿ ಹೋಗಲಿಲ್ಲ; ಕಂಪನಿ ದಂಡ ತೆತ್ತಿತು. 2007ರ ಜನವರಿ 31ರಂದು ಬೋಸ್ಟನ್‌ನಲ್ಲಿ ಒಂದು ಕಾರ್ಟೂನ್ ಕಾರ್ಯಕ್ರಮದ ಪ್ರಚಾರಕ್ಕೆಂದು ಸೇತುವೆ, ರಸ್ತೆಬದಿಗಳಲ್ಲಿ ಅಂಟಿಸಿದ್ದ ಮಿನುಗುದೀಪದ ಪುಟ್ಟ ಫಲಕಗಳನ್ನು ಬಾಂಬುಗಳೆಂದು ಶಂಕಿಸಿ ರಸ್ತೆಗಳನ್ನೇ ಮುಚ್ಚಲಾಯಿತು. ಹೊಣೆ ಹೊತ್ತವರು 20 ಲಕ್ಷ ಡಾಲರ್ ಕೊಡಬೇಕಾಯಿತು. ಹೊಸಬರಿಗೆ ಇದು ತಮಾಷೆಯ ಕಥೆಯಂತೆ ಕೇಳಿಸಬಹುದು, ಆದರೆ ಆ ದಿನ ದಾರಿಯಲ್ಲಿ ಸಿಕ್ಕಿಕೊಂಡವರಿಗೆ ಅದು ತಮಾಷೆಯಾಗಿರಲಿಲ್ಲ. ನಗರಾಡಳಿತ, ಪೊಲೀಸರು, ಜಾಗದ ಒಡೆಯರು ಈ ಮೂವರಿಂದಲೂ ಬರಹದಲ್ಲಿ ಅನುಮತಿ ಪಡೆಯಿರಿ. ಅರ್ಜಿಯಲ್ಲಿ ಹಾಸಿನ ಅಳತೆ, ಬಳಸುವ ಬಣ್ಣದ ಹೆಸರು, ತೊಳೆಯುವ ವಿಧಾನ, ತುರ್ತು ವಾಹನಕ್ಕೆ ಬಿಡುವ ದಾರಿ ಇವಿಷ್ಟನ್ನು ನಕ್ಷೆಯೊಂದಿಗೆ ಬರೆದರೆ ಅಧಿಕಾರಿಗಳ ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ. ಹೊಣೆಗಾರಿಕೆಯ ವಿಮೆಯನ್ನೂ ಮಾಡಿಸಿ.

ನಾಲ್ಕನೆಯ ಹೆಜ್ಜೆ: ಹವೆಯನ್ನೂ ಯಂತ್ರವನ್ನೂ ಹೆಚ್ಚು ನಂಬಬೇಡಿ

2005ರ ಜೂನ್‌ನಲ್ಲಿ ಸ್ನ್ಯಾಪಲ್ ಎಂಬ ಪಾನೀಯದ ಕಂಪನಿ ನ್ಯೂಯಾರ್ಕ್‌ನ ಯೂನಿಯನ್ ಸ್ಕ್ವೇರ್‌ನಲ್ಲಿ 25 ಅಡಿ ಎತ್ತರದ ಐಸ್‌ಕ್ಯಾಂಡಿಯನ್ನು ನಿಲ್ಲಿಸಲು ಹೋಯಿತು. ಬಿಸಿಲಿಗೆ ಅದು ನಿರೀಕ್ಷೆಗಿಂತ ಬೇಗ ಕರಗಿ, ಸಿಹಿ ದ್ರವ ಬೀದಿಯಲ್ಲಿ ಹರಿದು, ಅಗ್ನಿಶಾಮಕ ದಳದವರು ಬಂದು ತೊಳೆಯಬೇಕಾಯಿತು. ನಿಮ್ಮ ಒದ್ದೆ ಬಣ್ಣದ ಮೆತ್ತೆಯನ್ನು ಆ ಐಸ್‌ಕ್ಯಾಂಡಿಯಂತೆಯೇ ಅನುಮಾನದಿಂದ ನೋಡಿ. ಬಿರುಬಿಸಿಲಿನಲ್ಲಿ ಅದು ಬೇಗ ಒಣಗುತ್ತದೆ, ಜಿನುಗು ಮಳೆಯಲ್ಲಿ ಹರಡುತ್ತದೆ. ಹಾಸಿನ ಮೇಲೆ ಚಾವಣಿ ಇರಲಿ, ಮಳೆ ಬಂದರೆ ಎರಡು ನಿಮಿಷದಲ್ಲಿ ಬಟ್ಟೆ ಸುತ್ತಿಡುವ ತಾಲೀಮು ತಂಡಕ್ಕೆ ಆಗಿರಲಿ.

ಬಟ್ಟೆಯ ಅಂಚು ಎದ್ದು ಒಬ್ಬರು ಎಡವಿ ಬಿದ್ದರೆ ಅಂದಿನ ಪ್ರಚಾರ ಅಲ್ಲಿಗೇ ಮುಗಿದಂತೆ. ಅಂಚನ್ನು ಉದ್ದಕ್ಕೂ ಅಂಟುಪಟ್ಟಿಯಿಂದ ನೆಲಕ್ಕೆ ಕೂರಿಸಿ, ಕೆಳಗೆ ಜಾರದ ರಬ್ಬರ್ ಹಾಸು ಹಾಕಿ. ನಯವಾದ ಕಲ್ಲುಹಾಸಿನ ಮೇಲೆ ಒದ್ದೆ ಕ್ಯಾನ್ವಾಸ್ ಜಾರುತ್ತದೆ. ಹೊರಬರುವ ತುದಿಯಲ್ಲಿ ಮೊದಲು ಒದ್ದೆಯಾದ ನಾರಿನ ಕಾಲೊರಸು, ನಂತರ ಒಣಗಿದ್ದು, ಈ ಕ್ರಮದಲ್ಲಿ ಎರಡನ್ನಿಡಿ. ಅವನ್ನು ಪ್ರತಿ ಅರ್ಧ ಗಂಟೆಗೆ ಬದಲಿಸಲು ಒಬ್ಬರನ್ನು ಅದಕ್ಕಾಗಿಯೇ ನೇಮಿಸಿ.

ಪ್ರೊಜೆಕ್ಟರ್, ಒತ್ತಡ ಅರಿಯುವ ನೆಲ, ತಾನಾಗಿ ಹೊಳೆಯುವ ಗೋಡೆ ಇವನ್ನೆಲ್ಲ ಸೇರಿಸುವ ಆಸೆ ಆಗುತ್ತದೆ. ಹಗಲಿನ ಬೆಳಕಿನಲ್ಲಿ ಪ್ರೊಜೆಕ್ಟರಿನ ಚಿತ್ರ ಕಾಣುವುದಿಲ್ಲ. ಸಂವೇದಕಗಳು ಧೂಳು, ನೀರು, ಎಳೆದಾಡಿದ ತಂತಿಗೆ ಕೆಡುತ್ತವೆ. ಯಂತ್ರ ನಿಂತ ಕ್ಷಣದಲ್ಲಿ ಸರದಿಯಲ್ಲಿದ್ದವರ ಮುಖ ಬಾಡುತ್ತದೆ. ವಿದ್ಯುತ್ತು ಹೋದರೂ ನಡೆಯುವಂಥ ಆಟವನ್ನೇ ತಿರುಳಾಗಿಟ್ಟುಕೊಂಡು, ಯಂತ್ರವನ್ನು ಮೇಲಿನ ಅಲಂಕಾರವಾಗಿ ಮಾತ್ರ ಬಳಸಿ.

ಐದನೆಯ ಹೆಜ್ಜೆ: ಶೂ ತೊಡಿಸುವ ಪೀಠ

ಹೆಜ್ಜೆ ಮೂಡಿಸಿದವರಲ್ಲಿ ಒಂದು ಪಾಲು ಜನ ಹೊಸ ಜೋಡಿಯನ್ನು ಹಾಕಿ ನೋಡಬೇಕೆಂದು ಬಯಸುತ್ತಾರೆ, ಮಾರಾಟದ ದೃಷ್ಟಿಯಿಂದ ಅವರೇ ಮುಖ್ಯ. ಇಲ್ಲಿ ಅಚ್ಚುಕಟ್ಟು ಕಾಣದಿದ್ದರೆ ಬಟ್ಟೆಯ ಮೇಲಿನ ಸೊಗಸೆಲ್ಲ ವ್ಯರ್ಥ. ಜನರಿಗೆ ತಮ್ಮ ಕಾಲಿನ ಅಳತೆ ಸರಿಯಾಗಿ ಗೊತ್ತಿರುವುದು ಅಪರೂಪ. ಬ್ರಿಟಿಷ್ ಪದ್ಧತಿಯಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ ಒಂದು ಅಂಗುಲದ ಮೂರನೆಯ ಒಂದು ಭಾಗ, ಅಂದರೆ 8.47 ಮಿಲಿಮೀಟರ್ ಅಂತರವಿದ್ದರೆ, ಯುರೋಪಿನ ಪದ್ಧತಿಯಲ್ಲಿ ಅದು 6.67 ಮಿಲಿಮೀಟರ್. ಇವೆರಡರ ಕೋಷ್ಟಕಗಳು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಜನ ಹೇಳುವ ಸಂಖ್ಯೆಯನ್ನು ನಂಬದೆ ಕಾಲನ್ನೇ ಅಳೆಯಿರಿ. ಅಳೆಯಲು 1920ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಬ್ರ್ಯಾನಕ್ ರೂಪಿಸಿದ ಲೋಹದ ಅಳತೆಪಟ್ಟಿ ಇಂದಿಗೂ ಸಾಕು. ಅದನ್ನೇ ಪ್ರಚಾರದ ಭಾಗವಾಗಿಸಬಹುದು: ಹೆಚ್ಚಿನವರ ಎರಡು ಕಾಲುಗಳು ಸರಿಸಮ ಇರುವುದಿಲ್ಲ ಎಂಬುದನ್ನು ಅಲ್ಲಿ ಮೊದಲ ಬಾರಿಗೆ ಕಂಡುಕೊಂಡವರು ಅದನ್ನು ಮನೆಗೆ ಹೋಗಿ ಹೇಳದಿರುವುದಿಲ್ಲ. ದೊಡ್ಡ ಕಾಲಿಗೆ ಹೊಂದುವ ಸೈಜನ್ನೇ ಕೊಡಿ. ದಿನವಿಡೀ ಓಡಾಡಿದ ಕಾಲು ಸಂಜೆಗೆ ಸ್ವಲ್ಪ ಊದಿರುತ್ತದೆ ಎಂಬುದನ್ನೂ ತಿಳಿಸಿ.

ತೊಡಿಸಿ ನೋಡಲು ತರುವ ಜೋಡಿಗಳಲ್ಲಿ ನಡುವಿನ ಸೈಜುಗಳು ನಾಲ್ಕೈದರಂತೆ, ತುದಿಯವು ಒಂದೆರಡರಂತೆ ಇರಲಿ. ಆದರೆ ತುದಿಯ ಸೈಜುಗಳನ್ನು ಬಿಡಲೇಬೇಡಿ. ಬಹಳ ದೊಡ್ಡ ಅಥವಾ ಬಹಳ ಚಿಕ್ಕ ಕಾಲಿನವರಿಗೆ ಅಂಗಡಿಗಳಲ್ಲಿ ಇಲ್ಲ ಎನ್ನಿಸಿಕೊಂಡು ಸಾಕಾಗಿರುತ್ತದೆ, ನಿಮ್ಮಲ್ಲಿ ಇದೆ ಎಂದಾಗ ಅವರ ಮುಖದಲ್ಲಿ ಮೂಡುವ ಬೆಳಕನ್ನು ನೋಡಬೇಕು. ಪ್ರತಿಯೊಬ್ಬರಿಗೂ ಒಮ್ಮೆ ಮಾತ್ರ ಬಳಸುವ ಕಾಲುಚೀಲ, ಪ್ರತಿ ಬಾರಿಯೂ ಒರೆಸಿ ಗಾಳಿಗಿಟ್ಟ ಜೋಡಿ, ಬೆನ್ನಿಗೆ ಆಸರೆ ಇರುವ ಕುರ್ಚಿ ಇವು ಕನಿಷ್ಠ ಸೌಕರ್ಯಗಳು. ಶೂ ಹಾಕಿದ ಮೇಲೆ ಅವರು ನಾಲ್ಕು ಹೆಜ್ಜೆಯಲ್ಲ, ನಲವತ್ತು ಹೆಜ್ಜೆ ನಡೆಯಲಿ. ಹೊಸ ಕ್ಯಾನ್ವಾಸ್ ಶೂ ಮೊದಲಿಗೆ ಬಿಗಿಯಾಗಿರುತ್ತದೆ. ಅದನ್ನು ಮುಚ್ಚಿಡದೆ ಹೇಳಿದರೆ ನಂಬಿಕೆ ಬೆಳೆಯುತ್ತದೆ.

ಆರನೆಯ ಹೆಜ್ಜೆ: ತಂಡ, ಒಪ್ಪಿಗೆ, ಸರದಿ

ಕೂಗಿ ಕರೆಯುವವರು ಬೇಡ, ಕೇಳಿಸಿಕೊಳ್ಳುವವರು ಬೇಕು. ಹಳೆಯ ಶೂವಿನ ಬಗ್ಗೆ ಅಜ್ಜನೊಬ್ಬರು ಮಾತು ತೆಗೆದರೆ ಅವರನ್ನು ಅವಸರಪಡಿಸದೆ ಕೇಳುವ ಸ್ವಭಾವ ತಂಡದವರಲ್ಲಿರಬೇಕು. ಶೂ ರಿಪೇರಿ ಬಲ್ಲ ಒಬ್ಬರನ್ನು ಕೂರಿಸಿ, ಜನರ ಹಳೆಯ ಜೋಡಿಗಳಿಗೆ ಲೇಸು ಬದಲಿಸಿ, ಬಿಟ್ಟುಹೋದ ಅಂಚನ್ನು ಅಂಟಿಸಿಕೊಡುವಂತೆ ಮಾಡಿ. ನನ್ನ ಲೆಕ್ಕದಲ್ಲಿ ಇಡೀ ವೆಚ್ಚದಲ್ಲಿ ಅತ್ಯುತ್ತಮವಾಗಿ ಸಲ್ಲುವ ಹಣ ಅದು.

ಫೋಟೋ ತೆಗೆಯುವ ಮೊದಲು ಕೇಳಿ. ಹತ್ತಿರ ನಿಂತದ್ದನ್ನೇ ಒಪ್ಪಿಗೆ ಎಂದುಕೊಳ್ಳುವುದು ತಪ್ಪು. ಮಕ್ಕಳಾದರೆ ಹಿರಿಯರ ಒಪ್ಪಿಗೆ ಬರಹದಲ್ಲಿರಲಿ. ಮೊಬೈಲ್ ಸಂಖ್ಯೆ, ಇಮೇಲ್ ಕೇಳುವುದಾದರೆ ಯಾತಕ್ಕೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂದು ಅಲ್ಲೇ ತಿಳಿಸಿ. ಕೊಡದವರಿಗೂ ಆಟ ತೆರೆದಿರಲಿ. ಮುಖವನ್ನು ಬಿಟ್ಟು ಕಾಲುಗಳ ಚಿತ್ರವನ್ನಷ್ಟೇ ತೆಗೆಯುವ ನಿಯಮ ಮಾಡಿಕೊಂಡರೆ ತೊಂದರೆಗಳು ಬಹಳಷ್ಟು ಕಡಿಮೆಯಾಗುತ್ತವೆ, ಚಿತ್ರಗಳಿಗೂ ಒಂದು ಏಕತೆ ಬರುತ್ತದೆ.

ಸರದಿಯ ಲೆಕ್ಕವನ್ನು ಮೊದಲೇ ಮಾಡಿಡಿ. ಒಬ್ಬರು ಹೆಜ್ಜೆ ಮೂಡಿಸಿ, ಬರೆದು, ಕಾಲೊರಸಿಕೊಳ್ಳಲು ಎರಡು ನಿಮಿಷ ಬೇಕಾದರೆ ಮೂರು ಮೆತ್ತೆಗಳಿಂದ ಗಂಟೆಗೆ 90 ಜನ ಸಾಗುತ್ತಾರೆ. ಸಾಲಿನಲ್ಲಿ 20 ಜನ ಇದ್ದರೆ ಕೊನೆಯವರು ಸುಮಾರು 13 ನಿಮಿಷ ಕಾಯಬೇಕು. ಅಷ್ಟು ಹೊತ್ತು ಬೀದಿಯಲ್ಲಿ ಕಾಯುವವರು ಕಡಿಮೆ. ಹಾಗಾಗಿ ಸಾಲು ಹತ್ತನ್ನು ದಾಟಿದಾಗ ನಾಲ್ಕನೆಯ ಮೆತ್ತೆ ತೆರೆಯುವ ಸಿದ್ಧತೆ ಇರಲಿ. ಶೂ ತೊಡಿಸುವ ಪೀಠದಲ್ಲಿ ಒಬ್ಬರಿಗೆ ಐದು ನಿಮಿಷ ಹಿಡಿದರೆ ನಾಲ್ಕು ಕುರ್ಚಿಗಳಿಂದ ಗಂಟೆಗೆ 48 ಜನರಷ್ಟೇ. ಈ ಎರಡು ಸಂಖ್ಯೆಗಳಿಗೆ ತಕ್ಕಂತೆ ಕಾಲುಚೀಲ, ಬಣ್ಣ, ಬಟ್ಟೆಗಳ ಪಟ್ಟಿ ಮಾಡಿಕೊಳ್ಳಿ.

ಏಳನೆಯ ಹೆಜ್ಜೆ: ಎಣಿಸಬೇಕಾದದ್ದನ್ನು ಎಣಿಸಿ

ಎಷ್ಟು ಜನ ಆ ದಾರಿಯಲ್ಲಿ ಹೋದರು ಎಂಬ ದೊಡ್ಡ ಸಂಖ್ಯೆಯನ್ನು ವರದಿಯ ಮೊದಲ ಪುಟದಲ್ಲಿ ಬರೆಯುವ ಚಾಳಿ ಬಿಡಬೇಕು. ನಿಂತವರು ಎಷ್ಟು, ನಿಂತವರಲ್ಲಿ ಹೆಜ್ಜೆ ಮೂಡಿಸಿದವರು ಎಷ್ಟು, ಅವರಲ್ಲಿ ಶೂ ಹಾಕಿ ನೋಡಿದವರು ಎಷ್ಟು, ಮುಂದಿನ ಆರು ವಾರಗಳಲ್ಲಿ ಅಂಗಡಿಗೆ ಬಂದವರು ಎಷ್ಟು, ಹೀಗೆ ನಾಲ್ಕು ಸಂಖ್ಯೆಗಳು ಸಾಕು. ಕೊನೆಯದನ್ನು ತಿಳಿಯಲು ಪ್ರತಿಯೊಬ್ಬರಿಗೂ ಅವರ ಹೆಜ್ಜೆ ಬಿದ್ದ ಮೀಟರಿನ ಸಂಖ್ಯೆ ಬರೆದ ಚೀಟಿ ಕೊಡಿ. ಅಂಗಡಿಗೆ ಅದನ್ನು ತಂದವರಿಗೆ ಒಂದು ಜೊತೆ ಲೇಸು ಉಚಿತ. ಪ್ರಚಾರ ನಡೆಯದ ಇನ್ನೊಂದು ಕಡೆಯ ಅಂಗಡಿಯ ಅದೇ ಆರು ವಾರಗಳ ಮಾರಾಟವನ್ನು ಪಕ್ಕದಲ್ಲಿಟ್ಟು ಹೋಲಿಸದಿದ್ದರೆ, ಹಬ್ಬದ ಹೊತ್ತಿನ ಏರಿಕೆಯನ್ನು ನಿಮ್ಮದೆಂದು ತಪ್ಪಾಗಿ ತಿಳಿಯುವ ಅಪಾಯವಿದೆ.

ಜನ ಬಟ್ಟೆಯ ಮೇಲೆ ಬರೆದ ಸಾಲುಗಳನ್ನು ಯಾರಾದರೂ ಒಬ್ಬರು ಕುಳಿತು ಪೂರ್ತಿ ಓದಬೇಕು. ಹೀಗೆ ಹೇಳುವುದಕ್ಕೆ ಕಾರಣವಿದೆ: ಇಂಥ ಬರಹಗಳನ್ನು ಸಂಗ್ರಹಿಸಿ, ಚಿತ್ರ ತೆಗೆದು, ಓದದೆ ಗೋದಾಮಿಗೆ ಕಳುಹಿಸಿದ್ದನ್ನು ನಾನು ಕಂಡಿದ್ದೇನೆ. ಮುಂದಿನ ವರ್ಷದ ಜಾಹೀರಾತಿಗೆ ಬೇಕಾದ ಮಾತೆಲ್ಲ ಅಲ್ಲಿಯೇ ಇತ್ತು.

ಎಂಟನೆಯ ಹೆಜ್ಜೆ: ತೆರವು ಮತ್ತು ಕೊಟ್ಟ ಮಾತು

ಅನುಮತಿಯ ಅವಧಿ ಮುಗಿಯುವುದಕ್ಕೆ ಎರಡು ಗಂಟೆ ಮೊದಲೇ ಹೊಸ ಸರದಿ ನಿಲ್ಲಿಸಿ. ಬಟ್ಟೆ ಪೂರ್ತಿ ಒಣಗದೆ ಸುತ್ತಿದರೆ ಒಂದರ ಗುರುತು ಇನ್ನೊಂದರ ಮೇಲೆ ಬೀಳುತ್ತದೆ, ಆದ್ದರಿಂದ ಪದರಗಳ ನಡುವೆ ಕಾಗದ ಹಾಕಿ ಸುತ್ತಿ. ನೆಲವನ್ನು ತೊಳೆದು, ಮೊದಲಿನ ಮತ್ತು ನಂತರದ ಚಿತ್ರಗಳನ್ನು ಅನುಮತಿ ಕೊಟ್ಟ ಕಚೇರಿಗೆ ಅಂದೇ ಕಳುಹಿಸಿ. ಮುಂದಿನ ಬಾರಿ ನಿಮ್ಮ ಅರ್ಜಿ ಬೇಗ ಸಾಗುವುದು ಆ ಚಿತ್ರಗಳಿಂದಲೇ. ತೊಳೆದ ಬಣ್ಣದ ನೀರನ್ನು ಮಳೆನೀರಿನ ಚರಂಡಿಗೆ ಬಿಡದೆ ಡ್ರಮ್ಮಿನಲ್ಲಿ ತುಂಬಿ ಒಯ್ಯಿರಿ.

ಬಟ್ಟೆಯಿಂದ ಶೂ ಮಾಡಿಸುವ ಮಾತು ಕೊಟ್ಟಿದ್ದರೆ ಅದಕ್ಕೊಂದು ದಿನಾಂಕವನ್ನೂ ಅಂದೇ ಹೇಳಿರಬೇಕು. 30 ಮೀಟರಿನಲ್ಲಿ ಎಷ್ಟು ಜೋಡಿ ಬರುತ್ತವೆ ಎಂದು ಕಾರ್ಖಾನೆಯವರು ಲೆಕ್ಕ ಹಾಕಿ ಹೇಳುತ್ತಾರೆ. ಹೆಜ್ಜೆ ಮೂಡಿಸಿದವರೆಲ್ಲರಿಗೂ ಅದು ಸಾಲದು, ಚೀಟಿ ಎತ್ತಿ ಆರಿಸುವುದಾದರೆ ಅದನ್ನೂ ಮೊದಲೇ ತಿಳಿಸಿರಿ. ಜೋಡಿ ಸಿಗದವರಿಗೆ ಕತ್ತರಿಸಿ ಉಳಿದ ತುಂಡುಗಳಲ್ಲಿ ಅವರವರ ಮೀಟರಿನ ಅಂಗೈಯಗಲದ ಬಟ್ಟೆಯನ್ನು ಅಂಚೆಯಲ್ಲಿ ಕಳುಹಿಸಿ, ಅದರ ಹಿಂದೆ ಅವರು ಬರೆದ ಸಾಲನ್ನು ಕೈಯಿಂದಲೇ ನಕಲು ಮಾಡಿ. ವಿಳಾಸಗಳ ಪಟ್ಟಿಯನ್ನು ಆ ಕೊನೆಯ ಲಕೋಟೆ ಹೊರಟ ದಿನವೇ ಅಳಿಸಿಹಾಕಿ.